ಹಳೇ ವಾದ್ಯಗಳಲ್ಲಿ ಬಾಖ್ ಕೇಳಿ ಬಂದೆ, ಮೂರು ದಿನವಾದರೂ ಕಿವಿಯಿಂದ ಇಳಿಯುತ್ತಿಲ್ಲ

ಕಾಡಂಚಿನ ಮನೆ

ನಾನಿರುವುದು ಜರ್ಮನಿಯ ಫ್ರೈಬುರ್ಗ್‌ನಲ್ಲಿ. ಬಂದು ನಾಲ್ಕು ವರ್ಷ ಆಯಿತು. ಈ ಊರಿನದೇ ಒಂದು ಆರ್ಕೆಸ್ಟ್ರಾ ಇದೆ, ಫ್ರೈಬುರ್ಗ್ ಬರೋಕ್ ಆರ್ಕೆಸ್ಟ್ರಾ (ಬರೋಕ್ ಅಂದರೆ ಯೂರೋಪಿನಲ್ಲಿ ಸುಮಾರು 1600ರಿಂದ 1750ರ ತನಕದ ಸಂಗೀತ). ಇಲ್ಲಿನ ಸಂಗೀತ ಕಾಲೇಜಿನಲ್ಲಿ ಓದುತ್ತಿದ್ದವರು ಸೇರಿ 1987ರಲ್ಲಿ ಕಟ್ಟಿದ್ದು, ಈಗ ಲೋಕವೆಲ್ಲ ಸುತ್ತುತ್ತದೆ. ಕೊನೆಗೂ ಕಳೆದ ವಾರ ಟಿಕೆಟ್ ತೆಗೆದುಕೊಂಡು ಹೋದೆ. ಬಾಖ್‌ನ ಬ್ರಾಂಡೆನ್‌ಬರ್ಗ್ ಕನ್ಸರ್ಟೊಗಳು, ಮುನ್ನೂರು ವರ್ಷದ ಹಿಂದೆ ಜರ್ಮನಿಯ ಆ ಸಂಗೀತಗಾರ ಬರೆದ ಆರು ವಾದ್ಯಕೃತಿಗಳು. ಅವತ್ತಿನಿಂದ ತಲೆಯಲ್ಲಿ ಅದೇ ಓಡುತ್ತಿದೆ, ಇಲ್ಲಿ ಯಾರ ಹತ್ತಿರ ಹೇಳಿಕೊಳ್ಳಲಿ ಗೊತ್ತಾಗಲಿಲ್ಲ. ಕನ್ನಡದಲ್ಲಿ ಹೇಳಿಕೊಳ್ಳಬೇಕು ಅನ್ನಿಸಿತು.

ಮೊದಲು ಕಂಡದ್ದು ಹೇಳುತ್ತೇನೆ. ಮುಂದೆ ನಿಂತು ಕೋಲು ಆಡಿಸುವ ಕಂಡಕ್ಟರ್ ಇಲ್ಲ. ಪಿಟೀಲಿನವರು, ಅದಕ್ಕಿಂತ ಸ್ವಲ್ಪ ದೊಡ್ಡದಾದ ವಿಯೋಲಾದವರು ನಿಂತೇ ನುಡಿಸುತ್ತಾರೆ. ಮೊದಲ ಪಿಟೀಲಿನವರ ಉಸಿರು, ಹುಬ್ಬು, ಭುಜ ನೋಡಿಕೊಂಡು ಎಲ್ಲರೂ ಒಟ್ಟಿಗೆ ಎತ್ತಿಕೊಳ್ಳುತ್ತಾರೆ, ನಮ್ಮ ಕಛೇರಿಯಲ್ಲಿ ಮೃದಂಗದವರು ಹಾಡುವವರ ಮುಖವನ್ನೇ ನೋಡುತ್ತಾರಲ್ಲ, ಹಾಗೆ. ಪಿಟೀಲಿಗೆ ಗದ್ದ ಇಡುವ ಹಲಗೆ ಇಲ್ಲ. ಕೂತು ನುಡಿಸುವ ದೊಡ್ಡ ಪಿಟೀಲಿನಂಥ ಚೆಲ್ಲೋಗೆ ನೆಲಕ್ಕೆ ಊರುವ ಕಡ್ಡಿ ಇಲ್ಲ, ಮೀನಖಂಡಗಳ ನಡುವೆ ಹಿಡಿದುಕೊಂಡೇ ಇರಬೇಕು. ಬಿಲ್ಲು ಕೂಡ ಬೇರೆ, ಬೇಟೆಯ ಬಿಲ್ಲಿನ ಹಾಗೆ ಸ್ವಲ್ಪ ಹೊರಕ್ಕೆ ಬಾಗಿದೆ. ನಡುವೆ ಹಾರ್ಪ್ಸಿಕಾರ್ಡ್ ಅನ್ನುವ ಕೀಲಿಮಣೆ ವಾದ್ಯ.

ಇನ್ನು ಕೇಳಿದ್ದು. ಮೊದಲ ಐದು ನಿಮಿಷ ನನಗೆ ನಿಜವಾಗಿ ಬೇಜಾರಾಯಿತು. ಇಷ್ಟೇನಾ ಸದ್ದು? ದೊಡ್ಡ ಹಾಲ್, ಸಣ್ಣ ದನಿ. ಆಮೇಲೆ ಕಿವಿ ತಾನಾಗಿ ಹತ್ತಿರ ಹೋಯಿತು. ಬಿಸಿಲಿನಿಂದ ಮನೆಯೊಳಗೆ ಬಂದಾಗ ಸ್ವಲ್ಪ ಹೊತ್ತು ಏನೂ ಕಾಣದೆ ಆಮೇಲೆ ಒಂದೊಂದೇ ಪಾತ್ರೆ, ಒಂದೊಂದೇ ಮೂಲೆ ಕಾಣುತ್ತದಲ್ಲ, ಹಾಗೆ ಒಂದೊಂದೇ ವಾದ್ಯ ಬಿಡಿಬಿಡಿಯಾಗಿ ಕೇಳತೊಡಗಿತು.

ಎರಡನೇ ಕನ್ಸರ್ಟೊದಲ್ಲಿ ನಾಲ್ಕು ಜನ ಮುಂದೆ ಇರುತ್ತಾರೆ: ಟ್ರಂಪೆಟ್, ರೆಕಾರ್ಡರ್ ಅನ್ನುವ ನೇರ ಕೊಳಲು, ಶಹನಾಯಿಯಂಥ ಓಬೋ, ಪಿಟೀಲು. ಇದನ್ನು ನಾನು ಫೋನಿನಲ್ಲಿ ಎಷ್ಟೋ ಸಲ ಕೇಳಿದ್ದೇನೆ, ಈಗಿನ ವಾದ್ಯಗಳಲ್ಲಿ. ಅದರಲ್ಲಿ ಟ್ರಂಪೆಟ್ ಬಂತು ಅಂದರೆ ಕೊಳಲು ಮುಗಿಯಿತು, ಮುಚ್ಚಿಹೋಗುತ್ತದೆ. ಬಾಖ್ ಯಾಕೆ ಈ ಎರಡನ್ನು ಜೊತೆಗೆ ಕೂರಿಸಿದ ಅಂತ ಅರ್ಥವೇ ಆಗುತ್ತಿರಲಿಲ್ಲ. ಅವತ್ತು ಅರ್ಥವಾಯಿತು. ಟ್ರಂಪೆಟ್ ಮೇಲಿನ ಸ್ಥಾಯಿಯಲ್ಲಿ ಬೆಳ್ಳಿ ಎಳೆಯ ಹಾಗೆ ಹೋಗುತ್ತಿತ್ತು, ಪಕ್ಕದಲ್ಲೇ ಕೊಳಲು ಸುಖವಾಗಿ ಮಾತಾಡಿಕೊಂಡಿತ್ತು. ಒಬ್ಬರನ್ನು ಒಬ್ಬರು ತುಳಿಯಲಿಲ್ಲ. ನನಗೆ ಕಣ್ಣಲ್ಲಿ ನೀರು ಬಂತು.

ನನ್ನ ಸಂಗೀತ ಅಂದರೆ ಊರಲ್ಲಿ ಏಳು ವರ್ಷ ಕಲಿತ ಕರ್ನಾಟಕ ಗಾಯನ, ಅಷ್ಟೇ. ಇದು ಯಾಕೆ ಹೀಗೆ ಕೇಳಿಸುತ್ತದೆ ಅಂತ ತಿಳಿದವರು ಹೇಳಿ.

ಹೊಸ ಕಿವಿ

ಚೆನ್ನಾಗಿ ಬರೆದಿದ್ದೀರಿ. ಒಂದು ಪ್ರಶ್ನೆ. ಹಳೇ ವಾದ್ಯ ಅಂದರೆ ನಿಜವಾಗಿ ಮುನ್ನೂರು ವರ್ಷ ಹಳೆಯದಾ, ಇಲ್ಲ ಹಳೆಯದರ ಹಾಗೆ ಈಗ ಮಾಡಿದ್ದಾ? ಮತ್ತೆ ಕರುಳಿನ ತಂತಿ ಅಂತ ಎಲ್ಲೋ ಓದಿದೆ. ನಿಜವಾಗಿ ಕರುಳಾ?

ಹಳೇ ಕಾಗದ

ಎರಡೂ ಇರುತ್ತವೆ. ಪಿಟೀಲು, ಚೆಲ್ಲೋಗಳಲ್ಲಿ ಕೆಲವು ನಿಜವಾಗಿ ಹಳೆಯವು. ಮರದ ಕೊಳಲು, ಓಬೋ, ಹಾರ್ಪ್ಸಿಕಾರ್ಡ್ ಹೆಚ್ಚಿನವು ಮ್ಯೂಸಿಯಂನಲ್ಲಿ ಉಳಿದ ವಾದ್ಯಗಳನ್ನು ಅಳತೆ ಮಾಡಿ ಹೊಸದಾಗಿ ಕೊರೆದು, ಜೋಡಿಸಿ ಮಾಡಿದವು. ಊದುವ ಮರ ಮುನ್ನೂರು ವರ್ಷ ದಿನಾ ಉಸಿರಿನ ತೇವ ತಡೆಯುವುದಿಲ್ಲ, ಬಿರುಕು ಬಿಡುತ್ತದೆ.

ಇಲ್ಲೊಂದು ವಿಷಯ ತುಂಬಾ ಜನಕ್ಕೆ ಗೊತ್ತಿಲ್ಲ. ಇಟಲಿಯ ಹೆಸರಾಂತ ಕುಶಲಕರ್ಮಿ ಸ್ಟ್ರಾಡಿವಾರಿ ಮಾಡಿದ ಪಿಟೀಲುಗಳು ಅಂದರೆ ಹಳೆಯವು ಅಂದುಕೊಳ್ಳುತ್ತೇವೆ, ಅಲ್ವಾ? ಆದರೆ ಅವುಗಳಲ್ಲಿ ಹೆಚ್ಚಿನವನ್ನು 19ನೇ ಶತಮಾನದಲ್ಲಿ ಬಿಚ್ಚಿ ತಿದ್ದಿದ್ದಾರೆ. ಕತ್ತನ್ನು ಹಿಂದಕ್ಕೆ ಬಾಗಿಸಿ ಕೂರಿಸಿದರು, ಬೆರಳು ಓಡುವ ಹಲಗೆ ಉದ್ದ ಮಾಡಿದರು, ಒಳಗಿನ ಮರದ ಪಟ್ಟಿ ದಪ್ಪ ಮಾಡಿದರು. ತಂತಿ ಜಾಸ್ತಿ ಬಿಗಿ ಮಾಡಬೇಕಿತ್ತು, ಯಾಕೆಂದರೆ ಹಾಲ್‌ಗಳು ದೊಡ್ಡವಾದವು, ಟಿಕೆಟ್ ಕೊಂಡು ಬರುವ ಜನ ಹೆಚ್ಚಾದರು, ಸದ್ದು ಹಿಂದಿನ ಸಾಲಿಗೆ ಮುಟ್ಟಬೇಕಿತ್ತು. ಗದ್ದದ ಹಲಗೆ ಬಂದದ್ದೇ ಸುಮಾರು 1820ರಲ್ಲಿ, ಲೂಯಿ ಶ್ಪೋರ್ ಅನ್ನುವ ಪಿಟೀಲುವಾದಕನಿಂದ. ಬಿಲ್ಲಿನ ಈಗಿನ ಆಕಾರ ಪ್ಯಾರಿಸ್‌ನ ಟೂರ್ಟ್ 1780ರ ದಶಕದಲ್ಲಿ ಮಾಡಿದ್ದು. ಬಾಖ್ ತೀರಿಕೊಂಡದ್ದು 1750ರಲ್ಲಿ. ಇದ್ಯಾವುದನ್ನೂ ಅವನು ನೋಡಿಲ್ಲ.

ಕರುಳು ನಿಜವಾಗಿ ಕರುಳೇ. ಕುರಿಯದು. ತೊಳೆದು, ಎಳೆ ಮಾಡಿ, ಹೊಸೆದು, ಒಣಗಿಸುತ್ತಾರೆ. ನಮ್ಮ ಸಾರಂಗಿಯ ಮುಖ್ಯ ತಂತಿಗಳೂ ಕರುಳಿನವೇ, ಹೊಸ ಸಂಗತಿ ಏನಲ್ಲ.

ಕಡಲತಡಿ ಪಿಟೀಲು

ನಾನು ಕರ್ನಾಟಕ ಸಂಗೀತದ ಪಿಟೀಲು ನುಡಿಸುತ್ತೇನೆ, ಇರುವುದು ಮಂಗಳೂರಿನ ಹತ್ತಿರ. ಈ ಕರುಳಿನ ತಂತಿಯ ಆಸೆ ನನಗೂ ಹತ್ತಿತ್ತು. ಎರಡು ವರ್ಷದ ಹಿಂದೆ ಹೊರದೇಶದಿಂದ ತರಿಸಿ ಹಾಕಿದೆ. ಜೂನ್ ತಿಂಗಳು. ಅದೇ ತಪ್ಪಾಯಿತು. ಕರುಳು ಗಾಳಿಯ ತೇವ ಕುಡಿಯುತ್ತದೆ. ಬೆಳಗ್ಗೆ ಶ್ರುತಿ ಮಾಡಿದರೆ ಒಂದು ಮಳೆ ಬಂದು ಹೋಗುವಷ್ಟರಲ್ಲಿ ಷಡ್ಜ ಎಲ್ಲೋ, ಪಂಚಮ ಎಲ್ಲೋ. ನಾಲ್ಕನೇ ದಿನ ಸಣ್ಣ ತಂತಿ ಟಪ್ ಅಂತ ಹೋಯಿತು. ಜಾರು ನುಡಿಸುವಾಗ ಬೆರಳು ಸಿಕ್ಕಿಕೊಳ್ಳುತ್ತಿತ್ತು, ಗಮಕ ತೊಡಕಾಗುತ್ತಿತ್ತು.

ಆದರೆ ಆ ಮೂರು ದಿನ ಕೇಳಿದ ನಾದ ಮರೆಯುವ ಹಾಗಿಲ್ಲ. ಉಕ್ಕಿನ ತಂತಿಯಲ್ಲಿ ಸ್ವರ ತಕ್ಷಣ ಹೊಳೆಯುತ್ತದೆ. ಕರುಳಿನಲ್ಲಿ ಮೊದಲು ಒಂದು ಸಣ್ಣ ಗೀರು ಸದ್ದು, ಆಮೇಲೆ ಸ್ವರ. ಮಾತಿನಲ್ಲಿ 'ಕ', 'ತ' ಬರುತ್ತದಲ್ಲ, ಆ ವ್ಯಂಜನದ ಹಾಗೆ. ಸ್ವರಕ್ಕೆ ಮುಂಚೆ ವ್ಯಂಜನ ಇದ್ದರೆ ತಾನೇ ಮಾತು? ಕಾಡಂಚಿನ ಮನೆಯವರು ಕೊಳಲು ಮಾತಾಡಿಕೊಂಡಿತ್ತು ಅಂತ ಬರೆದಿದ್ದಾರೆ, ಸರಿಯಾದ ಪದ ಅದು.

ಇನ್ನೊಂದು. ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರು ಮದ್ರಾಸಿನಲ್ಲಿ ಯೂರೋಪಿನವರಿಂದ ಪಿಟೀಲು ಕಲಿತು ನಮ್ಮ ಸಂಗೀತಕ್ಕೆ ತಂದರು ಅನ್ನುತ್ತೇವಲ್ಲ, ಅದು 19ನೇ ಶತಮಾನದ ಶುರುವಿನ ಸುಮಾರು. ಆಗ ಉಕ್ಕಿನ ತಂತಿ ಬಂದಿರಲಿಲ್ಲ, ಪಿಟೀಲು ಅಂದರೆ ಕರುಳಿನ ತಂತಿಯೇ. ಅಂದರೆ ನಮ್ಮವರ ಕೈಗೆ ಮೊದಲು ಬಂದ ಪಿಟೀಲು ಈ ಬರೋಕ್ ಪಿಟೀಲಿಗೆ ತೀರಾ ಹತ್ತಿರದ ಸಂಬಂಧಿ. ಆ ನಾದದಲ್ಲಿ ತೋಡಿ ಹೇಗೆ ಕೇಳಿಸಿತ್ತೋ ಅಂತ ನನಗೆ ಯಾವಾಗಲೂ ಆಸೆ.

ಚೆಲ್ಲೋ ಹಿಡಿದವನು

ನಾನು ಒಪ್ಪದ ಮಾತೂ ಇರಲಿ. ನಾನು ಈಗಿನ ಚೆಲ್ಲೋ ನುಡಿಸುತ್ತೇನೆ, ಬೆಂಗಳೂರಿನಲ್ಲಿ ಮಕ್ಕಳಿಗೆ ಕಲಿಸುತ್ತೇನೆ. ಈ ಹಳೇ ವಾದ್ಯದವರ ಮೇಲೆ ನನಗೆ ಗೌರವ ಇದೆ. ಆದರೆ ಬಾಖ್ ಕೇಳಿದ್ದು ಹೀಗೇ ಅನ್ನುವ ಮಾತು ಬಂದಾಗ ನನಗೆ ಕಷ್ಟವಾಗುತ್ತದೆ. ಯಾರು ಕೇಳಿದ್ದಾರೆ? ಈ ಕನ್ಸರ್ಟೊಗಳು ಸಿದ್ಧವಾದ 1721ರ ಧ್ವನಿಮುದ್ರಣ ಇಲ್ಲ. ಅಮೆರಿಕದ ಸಂಗೀತ ವಿದ್ವಾಂಸ ರಿಚರ್ಡ್ ಟರುಸ್ಕಿನ್ ಇದನ್ನೇ 1980ರ ದಶಕದಿಂದ ಹೇಳುತ್ತಾ ಬಂದರು: ಈ ಹಗುರ, ಚುರುಕು, ಚೊಕ್ಕ ಶೈಲಿ ಹಳೆಯದಲ್ಲ, ಅದು 20ನೇ ಶತಮಾನದ ರುಚಿ, ಹಳೆಯ ಬಟ್ಟೆ ತೊಟ್ಟಿದೆ ಅಂತ.

ಟ್ರಂಪೆಟ್ ವಿಷಯವೇ ತಗೊಳ್ಳಿ. ಬಾಖ್ ಕಾಲದ ಟ್ರಂಪೆಟ್ಟಿಗೆ ಸ್ವರ ಬದಲಿಸಲು ಬೆರಳಲ್ಲಿ ಒತ್ತುವ ವಾಲ್ವ್ ಇಲ್ಲ, ತೂತೂ ಇಲ್ಲ, ಬರೀ ಕೊಳವೆ. ಈಗ ಬರೋಕ್ ಆರ್ಕೆಸ್ಟ್ರಾಗಳಲ್ಲಿ ಎಷ್ಟೋ ಜನ ನುಡಿಸುವುದು ಬೆರಳಿಡಲು ಸಣ್ಣ ತೂತುಗಳಿರುವ ವಾದ್ಯ. ಆ ತೂತು 20ನೇ ಶತಮಾನದ ಕೂಸು, 1960ರ ಆಸುಪಾಸಿನಲ್ಲಿ ಬಂದದ್ದು. ಶ್ರುತಿ ತಪ್ಪದಿರಲಿ ಅಂತ ಮಾಡಿಕೊಂಡ ಅನುಕೂಲ. ಹಾಗಾದರೆ ಎಲ್ಲಿ ಹಳೆಯದು?

ಹಳೇ ಕಾಗದ

ತೂತಿನ ಮಾತು ನಿಜ. ತೂತಿಲ್ಲದೆ ನುಡಿಸುವವರೂ ಈಗ ಇದ್ದಾರೆ, ಆದರೆ ಕಡಿಮೆ. ಟರುಸ್ಕಿನ್ ಬರೆದದ್ದನ್ನು ಈ ವಾದ್ಯಗಾರರೂ ಕೇಳಿಸಿಕೊಂಡರು. ಅದಕ್ಕೇ ಈಗ ಹೆಚ್ಚಿನವರು ಅಸಲಿ ಅನ್ನುವ ಪದ ಬಿಟ್ಟಿದ್ದಾರೆ, ಇತಿಹಾಸ ತಿಳಿದು ನುಡಿಸುವುದು ಅನ್ನುತ್ತಾರೆ. ಆ ತಿಳಿಯುವ ಕೆಲಸ ಸಣ್ಣದಲ್ಲ.

ನಿಕೊಲಾಸ್ ಹಾರ್ನೊನ್‌ಕೂರ್ ಅವರನ್ನೇ ನೋಡಿ. ವಿಯೆನ್ನಾ ಸಿಂಫನಿಯಲ್ಲಿ ಚೆಲ್ಲೋ ನುಡಿಸುವ ಕೆಲಸ, 1952ರಿಂದ 1969ರ ತನಕ. ಹೊಟ್ಟೆಪಾಡು ಅಲ್ಲಿ. 1953ರಲ್ಲಿ ಹೆಂಡತಿ ಆಲಿಸ್ ಮತ್ತು ಕೆಲವು ಗೆಳೆಯರನ್ನು ಕೂಡಿಸಿಕೊಂಡು ಕೊಂಟ್ಸೆಂಟುಸ್ ಮೂಸಿಕುಸ್ ಅನ್ನುವ ಗುಂಪು ಕಟ್ಟಿದರು. ಹಳೇ ವಾದ್ಯ ಹುಡುಕಿ ತಂದು, ಹಳೇ ಪುಸ್ತಕ ಓದಿ, ಬಿಡುವಾದಾಗಲೆಲ್ಲ ಸೇರಿ ಅಭ್ಯಾಸ. ಜನರ ಮುಂದೆ ಮೊದಲ ಕಛೇರಿ ಮಾಡಿದ್ದು 1957ರಲ್ಲಿ. ನಾಲ್ಕು ವರ್ಷ ಬರೀ ಕೇಳಿಕೊಂಡು, ಹುಡುಕಿಕೊಂಡು ಕೂತಿದ್ದರು! ಬ್ರಾಂಡೆನ್‌ಬರ್ಗ್ ಧ್ವನಿಮುದ್ರಿಸಿದ್ದು 1964ರಲ್ಲಿ. ಆಮೇಲೆ ಗುಸ್ತಾವ್ ಲಿಯೋನ್‌ಹಾರ್ಟ್ ಜೊತೆ ಹಂಚಿಕೊಂಡು ಬಾಖ್‌ನ ಚರ್ಚ್ ಕಂಟಾಟಾಗಳನ್ನೆಲ್ಲ, ಅಂದರೆ ಹಾಡುಗಾರರೂ ವಾದ್ಯಗಳೂ ಸೇರಿದ ಕೃತಿಗಳನ್ನೆಲ್ಲ, ಧ್ವನಿಮುದ್ರಿಸಿದರು, ಅದು 1971ರಿಂದ 1990ರ ತನಕ ನಡೆದ ಕೆಲಸ. ಇದನ್ನು ಸುಮ್ನೆ ರುಚಿಯ ಬದಲಾವಣೆ ಅಂತ ಹೇಗೆ ಹೇಳುವುದು?

ಮತ್ತೆ ಇವರು ಓದಿದ್ದರಲ್ಲೂ ಒಂದೇ ಮಾತಿಲ್ಲ. ಪಿಟೀಲಿನಲ್ಲಿ ಬೆರಳು ನಡುಗಿಸುವುದನ್ನೇ ನೋಡಿ, ವಿಬ್ರಾಟೊ ಅನ್ನುತ್ತಾರೆ. ಮೊಜಾರ್ಟ್‌ನ ತಂದೆ ಲಿಯೊಪೋಲ್ಡ್ 1756ರಲ್ಲಿ, ಪ್ರತಿ ಸ್ವರಕ್ಕೂ ಜ್ವರ ಬಂದವರ ಹಾಗೆ ನಡುಗಬೇಡಿ ಅನ್ನುವ ಅರ್ಥದಲ್ಲಿ ಬರೆದ. ಅದಕ್ಕಿಂತ ಐದು ವರ್ಷ ಮೊದಲು ಲಂಡನ್ನಿನಲ್ಲಿ ಜೆಮಿನಿಯಾನಿ, ಆದಷ್ಟು ಹೆಚ್ಚು ಬಳಸಿ ಅಂದಿದ್ದ. ಇಬ್ಬರೂ ದೊಡ್ಡ ವಾದಕರು. ಆಗಲೂ ಜಗಳ ಇತ್ತು ಅನ್ನುವುದೇ ನನಗೆ ಇಷ್ಟ.

ತಂಬೂರಿ ತಂತಿ

ವಾಲ್ವ್ ಇಲ್ಲದ ಟ್ರಂಪೆಟ್ ಬಗ್ಗೆ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ, ತಾಳ್ಮೆ ಇರಲಿ. ಇದು ನಮಗೆ ತುಂಬಾ ಹತ್ತಿರದ ವಿಷಯ.

ತಂಬೂರಿ ಮೀಟಿದಾಗ ಯಾರೂ ಮೀಟದ ಅಂತರ ಗಾಂಧಾರ ತಾನಾಗಿ ಕೇಳಿಸುತ್ತದೆ, ಸ್ವಯಂಭೂ ಗಾಂಧಾರ ಅನ್ನುತ್ತೇವೆ. ಒಂದು ತಂತಿ ಇಡಿಯಾಗಿ ಅಲುಗುವ ಜೊತೆಗೆ ಎರಡು, ಮೂರು, ನಾಲ್ಕು, ಐದು ಭಾಗವಾಗಿಯೂ ಅಲುಗುತ್ತದೆ. ಆ ಐದನೇ ಭಾಗದ ನಾದ ಗಾಂಧಾರ. ಬರೀ ಕೊಳವೆಯ ಟ್ರಂಪೆಟ್ಟಿನಲ್ಲಿ ಇರುವುದು ಈ ಸಾಲೇ, ಬೇರೆ ಏನೂ ಇಲ್ಲ. ಬೆರಳಿಗೆ ಕೆಲಸವಿಲ್ಲ. ತುಟಿ ಬಿಗಿ ಮಾಡಿ ಸಡಿಲ ಮಾಡಿ ಸಾಲಿನ ಮೇಲೆ ಹತ್ತಬೇಕು, ಇಳಿಯಬೇಕು. ಕೆಳಗಿನ ಮೆಟ್ಟಿಲುಗಳು ದೂರ ದೂರ: ಸ, ಪ, ಮೇಲಿನ ಸ, ಗ, ಪ. ಎಂಟನೆಯದರಿಂದ ಮೇಲೆ ಮೆಟ್ಟಿಲು ಹತ್ತಿರವಾಗುತ್ತವೆ, ಆಗ ಮಾತ್ರ ಸ ರಿ ಗ ಮ ಸಾಲಾಗಿ ಸಿಗುತ್ತದೆ. ಬಾಖ್‌ನ ಟ್ರಂಪೆಟ್ ಯಾವಾಗಲೂ ಅಷ್ಟು ಎತ್ತರದಲ್ಲಿ ಹಾಡುವುದು ಅದಕ್ಕೇ. ಅಲ್ಲಿ ಮಾತ್ರ ಅದಕ್ಕೆ ರಾಗ ಸಿಗುತ್ತದೆ. ಕೊಳವೆಯೂ ಈಗಿನ ಟ್ರಂಪೆಟ್ಟಿನ ಸುಮಾರು ಎರಡು ಪಟ್ಟು ಉದ್ದ, ಹಾಗಾಗಿ ಆ ಎತ್ತರದಲ್ಲೂ ಚೀರದೆ ಮೆತ್ತಗೆ ನುಡಿಸಬಹುದು. ಕೊಳಲು ಮುಚ್ಚಿಹೋಗದ ಗುಟ್ಟು ಇಲ್ಲಿದೆ.

ಈಗ ಮಜಾ ನೋಡಿ. ಹನ್ನೊಂದನೇ ಮೆಟ್ಟಿಲು ಶುದ್ಧ ಮಧ್ಯಮವೂ ಅಲ್ಲ, ಪ್ರತಿ ಮಧ್ಯಮವೂ ಅಲ್ಲ, ಎರಡರ ನಡುವೆ ನಿಲ್ಲುತ್ತದೆ. ಹದಿಮೂರನೆಯದು ಶುದ್ಧ ಧೈವತಕ್ಕೂ ಚತುಶ್ರುತಿ ಧೈವತಕ್ಕೂ ನಡುವೆ. ವಾದಕರು ಅದನ್ನು ತುಟಿಯಿಂದ ಮೇಲಕ್ಕೋ ಕೆಳಕ್ಕೋ ಎಳೆದು ಸರಿ ಮಾಡಬೇಕು, ಓಡುತ್ತಿರುವಾಗಲೇ. ಚೆಲ್ಲೋದವರು ಹೇಳಿದ ತೂತು ಇರುವುದು ಇದಕ್ಕೇ.

ಹಾರ್ಪ್ಸಿಕಾರ್ಡ್ ಶ್ರುತಿಯೂ ಇದೇ ಕಥೆ. ಈಗಿನ ಪಿಯಾನೋದಲ್ಲಿ ಹನ್ನೆರಡು ಮನೆ, ಅಂದರೆ ಸ್ವರಸ್ಥಾನ, ಸಮ ಅಂತರ, ಅದರ ಗಾಂಧಾರ ತಂಬೂರಿಯ ಗಾಂಧಾರಕ್ಕಿಂತ ಸ್ವಲ್ಪ ಮೇಲೆ. ನಮಗೆ ತಕ್ಷಣ ಚುಚ್ಚುತ್ತದೆ. ಹಾರ್ಮೋನಿಯಂ ಬಗ್ಗೆ ನಮ್ಮವರ ತಕರಾರಿನಲ್ಲಿ ಇದೂ ಸೇರಿತ್ತು. ಆಕಾಶವಾಣಿ 1940ರಲ್ಲಿ ಅದನ್ನು ಹೊರಗಿಟ್ಟು 1971ರ ತನಕ ಒಳಗೆ ಬಿಟ್ಟಿರಲಿಲ್ಲ. 17ನೇ ಶತಮಾನದಲ್ಲಿ ಯೂರೋಪಿನಲ್ಲಿ ಚಾಲ್ತಿಯಲ್ಲಿದ್ದ ಮೀನ್‌ಟೋನ್ ಅನ್ನುವ ಶ್ರುತಿಯ ಒಂದು ಬಗೆಯಲ್ಲಿ ಎಂಟು ಕಡೆ ಗಾಂಧಾರ ಪೂರ್ತಿ ಶುದ್ಧ, ನಮ್ಮ ತಂಬೂರಿಯದೇ. ಬದಲಿಗೆ ಕೆಲವು ಮನೆಗಳಿಂದ ಶುರು ಮಾಡಿದರೆ ಕೇಳಲಾರದಷ್ಟು ಒರಟು. ಅದಕ್ಕೆ ವೆರ್ಕ್‌ಮೈಸ್ಟರ್ ಅಂಥವರು 1690ರ ದಶಕದ ಹೊತ್ತಿಗೆ ನಡುದಾರಿ ಹುಡುಕಿದರು: ಎಲ್ಲಾ ಮನೆಯಿಂದಲೂ ನುಡಿಸಬಹುದು, ಆದರೆ ಒಂದೊಂದರ ರುಚಿ ಬೇರೆ. ಬರೋಕ್ ಆರ್ಕೆಸ್ಟ್ರಾದವರು ಬಳಸುವುದು ಇಂಥದ್ದನ್ನೇ. ಫ್ರೈಬುರ್ಗ್‌ನಲ್ಲಿ ನಿಮಗೆ ಕಿವಿಗೆ ಹಿತವಾದದ್ದು ಬರೀ ಸಣ್ಣ ದನಿ ಅಂತ ನನಗನ್ನಿಸುವುದಿಲ್ಲ. ಏಳು ವರ್ಷ ತಂಬೂರಿ ಮುಂದೆ ಕೂತ ಕಿವಿ ನಿಮ್ಮದು.

ಕಾಡಂಚಿನ ಮನೆ

ಇದನ್ನು ಓದಿ ಕುರ್ಚಿಯಿಂದ ಎದ್ದು ಓಡಾಡಿದೆ. ತಂಬೂರಿಯ ಗಾಂಧಾರ! ಮೂರನೇ ಕನ್ಸರ್ಟೊದ ಕೊನೆಯ ಸ್ವರಗಳು ನಿಂತಾಗ ಹಾಲ್‌ನಲ್ಲಿ ಒಂದು ಕ್ಷಣ ಏನೋ ಗುಂಯ್ ಅಂದ ಹಾಗಾಯಿತು. ನಾನು ಭ್ರಮೆ ಅಂದುಕೊಂಡಿದ್ದೆ.

ಇನ್ನೊಂದು ಕೇಳಬೇಕಿತ್ತು. ನಮ್ಮ ಮನೆಯಲ್ಲಿ ಕೀಬೋರ್ಡ್ ಇದೆ. ಬಂದು ಅದರ ಜೊತೆ ಗುನುಗಿ ನೋಡಿದರೆ ನಾನು ಕೇಳಿಕೊಂಡು ಬಂದದ್ದು ಒಂದು ಮನೆ ಕೆಳಗಿತ್ತು. ನನ್ನ ನೆನಪು ತಪ್ಪಾ?

ಹಳೇ ಕಾಗದ

ನೆನಪು ಸರಿ ಇದೆ. ಈಗಿನ ಆರ್ಕೆಸ್ಟ್ರಾಗಳ 'ಎ' ಸ್ವರ 440 ಹರ್ಟ್ಸ್ ಆಸುಪಾಸು. 1939ರಲ್ಲಿ ಲಂಡನ್ನಿನ ಒಂದು ಸಭೆಯಲ್ಲಿ ಒಪ್ಪಿಕೊಂಡದ್ದು. ಬರೋಕ್‌ನವರು ಸಾಮಾನ್ಯವಾಗಿ 415. ಸರಿಯಾಗಿ ಒಂದು ಮನೆ ಕಡಿಮೆ. ಆಗ ಊರಿಗೊಂದು ಶ್ರುತಿ ಇತ್ತು. ಫ್ರಾನ್ಸಿನಲ್ಲಿ 392ರಷ್ಟು ಕೆಳಗೆ, ಜರ್ಮನಿಯ ಚರ್ಚ್ ಆರ್ಗನ್‌ಗಳು 465ರಷ್ಟು ಮೇಲೆ. ಲೈಪ್‌ಝಿಗ್‌ನಲ್ಲಿ ಬಾಖ್ ಆರ್ಗನ್‌ಗೆ ಬರೆದ ಹಾಳೆಗಳು ಬೇರೆಯವರ ಹಾಳೆಗಿಂತ ಎರಡು ಮನೆ ಕೆಳಗಿನ ಶ್ರುತಿಯಲ್ಲಿ ಇರುವುದು ಅದಕ್ಕೇ, ಇಲ್ಲದಿದ್ದರೆ ಒಟ್ಟಿಗೆ ಕೂಡುತ್ತಿರಲಿಲ್ಲ. 415 ಅನ್ನುವುದು ಈಗಿನವರು ಅನುಕೂಲಕ್ಕೆ ಒಪ್ಪಿಕೊಂಡ ಸಂಖ್ಯೆ. ಕೆಲವು ಹಾರ್ಪ್ಸಿಕಾರ್ಡ್‌ಗಳಲ್ಲಿ ಕೀಲಿಮಣೆಯನ್ನೇ ಒಂದು ಮನೆ ಪಕ್ಕಕ್ಕೆ ಸರಿಸಿದರೆ 415ರಿಂದ 440 ಆಗುತ್ತದೆ.

ಕಡಲತಡಿ ಪಿಟೀಲು

ಇದು ನಮಗೆ ವಿಚಿತ್ರವೇ ಅಲ್ಲ. ಯಕ್ಷಗಾನದಲ್ಲಿ ಭಾಗವತರಿಗೆ ತಕ್ಕಂತೆ ಬಿಳಿ ಮೂರೋ ಕಪ್ಪು ಮೂರೋ ಇಟ್ಟುಕೊಳ್ಳುತ್ತಾರೆ. ಕಂಠಕ್ಕೆ ತಕ್ಕ ಶ್ರುತಿ. ತಂತಿ ಸ್ವಲ್ಪ ಸಡಿಲ ಇದ್ದರೆ ಪಿಟೀಲಿನ ಉಸಿರಾಟವೇ ಬೇರೆ, ಅದು ನುಡಿಸಿದವರಿಗೆ ಗೊತ್ತು.

ಸದ್ದಿನ ಮಾತಿಗೆ ಚೌಡಯ್ಯನವರು ನೆನಪಾಗುತ್ತಾರೆ. ಮೈಕ್ ಸರಿಯಿಲ್ಲದ ಕಾಲದಲ್ಲಿ ಪಿಟೀಲು ಹಿಂದಿನ ಸಾಲಿಗೆ ಕೇಳಲಿ ಅಂತ ಏಳು ತಂತಿ ಹಾಕಿಕೊಂಡರು. ಯೂರೋಪಿನವರು ಕತ್ತು ಬಾಗಿಸಿದರು, ನಮ್ಮವರು ತಂತಿ ಹೆಚ್ಚಿಸಿದರು. ಕಾರಣ ಒಂದೇ.

ಹೊಸ ಕಿವಿ

ಹಾರ್ಪ್ಸಿಕಾರ್ಡ್ ಅಂದರೆ ಪಿಯಾನೋದ ಅಜ್ಜ ಅಂದುಕೊಂಡಿದ್ದೆ. ಸರಿಯಾ?

ತಂಬೂರಿ ತಂತಿ

ನೋಡಲು ಹಾಗೆ, ಒಳಗೆ ಬೇರೆ. ಪಿಯಾನೋದಲ್ಲಿ ಸುತ್ತಿಗೆ ತಂತಿಗೆ ಹೊಡೆಯುತ್ತದೆ. ಹಾರ್ಪ್ಸಿಕಾರ್ಡ್‌ನಲ್ಲಿ ಕೀಲಿ ಒತ್ತಿದರೆ ಒಂದು ಸಣ್ಣ ಮರದ ಪಟ್ಟಿ ಮೇಲೆದ್ದು ಅದರ ತುದಿಯ ಕೊಕ್ಕೆ ತಂತಿಯನ್ನು ಮೀಟುತ್ತದೆ. ಹಿಂದೆ ಆ ಕೊಕ್ಕೆ ಕಾಗೆಯಂಥ ಹಕ್ಕಿಯ ಗರಿಯ ದಂಟಿನದು, ಈಗ ಹೆಚ್ಚಾಗಿ ಪ್ಲಾಸ್ಟಿಕ್. ಹಾಗಾಗಿ ವೀಣೆಯ ನಂಟು ಜಾಸ್ತಿ. ಜೋರಾಗಿ ಒತ್ತಿದರೂ ಮೆಲ್ಲಗೆ ಒತ್ತಿದರೂ ಸದ್ದು ಹೆಚ್ಚುಕಡಿಮೆ ಅಷ್ಟೇ. ಭಾವ ತರಬೇಕಾದರೆ ಸ್ವರ ಎಷ್ಟು ಹೊತ್ತು ಹಿಡಿಯುತ್ತೀರಿ, ಯಾವಾಗ ಬಿಡುತ್ತೀರಿ ಅನ್ನುವುದರಲ್ಲೇ ತರಬೇಕು.

ಅವರ ಮುಂದಿರುವ ಹಾಳೆಯಲ್ಲಿ ಎಲ್ಲಾ ಸ್ವರ ಬರೆದಿರುವುದಿಲ್ಲ ಅನ್ನುವುದೂ ತಿಳಿದಿರಲಿ. ಕೆಳಗಿನ ಒಂದು ಸಾಲು, ಅದರ ಪಕ್ಕ 6, 7, 4 ಅಂತ ಅಂಕಿಗಳು. ಆ ಅಂಕಿ ನೋಡಿ ಮೇಲಿನದನ್ನು ಅಲ್ಲೇ ಕಟ್ಟಿಕೊಳ್ಳಬೇಕು. ಪ್ರತಿ ಕಛೇರಿಯಲ್ಲೂ ಸ್ವಲ್ಪ ಬೇರೆ. ಉದ್ದ ಕತ್ತಿನ ತಂತಿವಾದ್ಯ ಥಿಯೋರ್ಬೊ ಹಿಡಿದವರು ಮಾಡುವುದೂ ಅದೇ. ಪಕ್ಕವಾದ್ಯದವರ ಮನೋಧರ್ಮ ಅನ್ನಬಹುದು.

ಕಾಡಂಚಿನ ಮನೆ

ಐದನೇ ಕನ್ಸರ್ಟೊದಲ್ಲಿ ಇದು ಕಣ್ಣಾರೆ ಕಂಡೆ. ಶುರುವಿನಲ್ಲಿ ಹಾರ್ಪ್ಸಿಕಾರ್ಡ್ ಹಿಂದೆ ಎಲ್ಲೋ ಸಣ್ಣಗೆ ಜಿನುಗುತ್ತಿರುತ್ತದೆ. ಮುಂದೆ ಕೊಳಲು, ಪಿಟೀಲು. ನಿಧಾನಕ್ಕೆ ಅದರ ಕೈಚಳಕ ಜಾಸ್ತಿಯಾಗುತ್ತಾ ಬಂದು, ಇದ್ದಕ್ಕಿದ್ದ ಹಾಗೆ ಉಳಿದವರೆಲ್ಲ ನಿಲ್ಲುತ್ತಾರೆ, ಅದೊಂದೇ ಹೊರಡುತ್ತದೆ. ಎಷ್ಟು ಹೊತ್ತು! ಹಾಲ್‌ನಲ್ಲಿ ಒಂದು ಕೆಮ್ಮೂ ಇಲ್ಲ. ಪಕ್ಕದಲ್ಲಿ ನಿಂತ ಪಿಟೀಲಿನವರು ಬಿಲ್ಲು ಇಳಿಸಿ ಕಣ್ಣು ಮುಚ್ಚಿ ಕೇಳುತ್ತಿದ್ದರು.

ಹಳೇ ಕಾಗದ

ಅದರ ಹಿಂದೆ ಒಂದು ಕಥೆ ಇದೆ. ಬಾಖ್ ಆಗ ಕ್ಯೋಟನ್ ಅನ್ನುವ ಸಣ್ಣ ಸಂಸ್ಥಾನದಲ್ಲಿ ಆಸ್ಥಾನ ಸಂಗೀತಗಾರ. ರಾಜಕುಮಾರ ಲಿಯೊಪೋಲ್ಡ್‌ಗೆ ಸಂಗೀತದ ಹುಚ್ಚು, ತಾನೂ ಕಾಲಿನ ನಡುವೆ ಹಿಡಿಯುವ ತಂತಿವಾದ್ಯ ವಿಯೋಲಾ ದ ಗಾಂಬಾ ನುಡಿಸುತ್ತಿದ್ದ. 1713ರಲ್ಲಿ ಪ್ರಷ್ಯಾಗೆ ಹೊಸ ರಾಜ ಬಂದ. ಅವನಿಗೆ ಸೈನ್ಯವೇ ಎಲ್ಲ, ಬರ್ಲಿನ್ನಿನ ಆಸ್ಥಾನದ ವಾದ್ಯಗಾರರನ್ನು ಮನೆಗೆ ಕಳಿಸಿಬಿಟ್ಟ. ಅವರಲ್ಲಿ ಕೆಲವರು ಕ್ಯೋಟನ್‌ಗೆ ಬಂದರು. ಅಷ್ಟು ಸಣ್ಣ ಊರಿನಲ್ಲಿ ಅಷ್ಟು ಒಳ್ಳೆಯ ವಾದಕರು ಬಾಖ್‌ಗೆ ಸಿಕ್ಕಿದ್ದು ಹೀಗೆ. 1719ರಲ್ಲಿ ಬಾಖ್ ಬರ್ಲಿನ್‌ಗೆ ಹೋಗಿ ಮಿಟ್ಕೆ ಅನ್ನುವವನು ಮಾಡಿದ ದೊಡ್ಡ ಹಾರ್ಪ್ಸಿಕಾರ್ಡ್ ತಂದ. ಐದನೆಯದು ಆ ಹೊಸ ವಾದ್ಯದ ಖುಷಿಯಲ್ಲಿ ಹುಟ್ಟಿತು ಅಂತ ತುಂಬಾ ಜನ ನಂಬುತ್ತಾರೆ, ನಾನೂ ನಂಬುತ್ತೇನೆ.

ಆರನ್ನೂ ಚೊಕ್ಕವಾಗಿ ನಕಲು ಮಾಡಿ ಬ್ರಾಂಡೆನ್‌ಬರ್ಗ್‌ನ ಮಾರ್ಗ್ರೇವ್ (ರಾಜಮನೆತನದ ಬಿರುದು) ಕ್ರಿಸ್ಟಿಯಾನ್ ಲುಡ್ವಿಗ್‌ಗೆ 24 ಮಾರ್ಚ್ 1721ರ ತಾರೀಕು ಹಾಕಿ ಕಳಿಸಿದ. ಅಚ್ಚಾದದ್ದು 1850ರಲ್ಲಿ. ಬಾಖ್ ಸತ್ತು ನೂರು ವರ್ಷದ ಮೇಲೆ!

ದಾರಿಹೋಕ

ಈ ಚರ್ಚೆ ಓದುತ್ತಾ ಒಂದು ನೆನಪಾಯಿತು. 1977ರಲ್ಲಿ ವಾಯೇಜರ್ ಬಾಹ್ಯಾಕಾಶ ನೌಕೆಗಳ ಜೊತೆ ಕಳಿಸಿದ ಚಿನ್ನದ ತಟ್ಟೆಯಲ್ಲಿ ಸಂಗೀತ ಶುರುವಾಗುವುದೇ ಈ ಎರಡನೇ ಬ್ರಾಂಡೆನ್‌ಬರ್ಗ್‌ನಿಂದ. ಅದೇ ತಟ್ಟೆಯಲ್ಲಿ ಕೇಸರ್‌ಬಾಯಿ ಕೇರ್ಕರ್ ಅವರ ಭೈರವಿ ಇದೆ, 55 ಭಾಷೆಯ ಶುಭಾಶಯಗಳಲ್ಲಿ ಕನ್ನಡವೂ ಇದೆ.

ಚೆಲ್ಲೋ ಹಿಡಿದವನು

ಮತ್ತೆ ಆ ತಟ್ಟೆಯಲ್ಲಿ ಇರುವುದು ಕಾರ್ಲ್ ರಿಕ್ಟರ್ ಅವರ ಮ್ಯೂನಿಕ್ ಬಾಖ್ ಆರ್ಕೆಸ್ಟ್ರಾ. ಹೊಸ ವಾದ್ಯಗಳು, 440 ಶ್ರುತಿ. ಸೌರಮಂಡಲ ದಾಟಿ ಹೋದದ್ದು ಅದು. ರಿಕ್ಟರ್ ಕೇಳಿ ಬೆಳೆದವನು ನಾನು. ಆ ಗಾಂಭೀರ್ಯ ನನಗೆ ಈಗಲೂ ಬೇಕು. ಯಾರೂ ಅದನ್ನು ತಪ್ಪು ಅನ್ನಬೇಡಿ, ಅಷ್ಟೇ ನನ್ನ ಕೋರಿಕೆ.

ಕಾಡಂಚಿನ ಮನೆ

ತಪ್ಪು ಅನ್ನುವುದಿಲ್ಲ. ನಾನೂ ಅದನ್ನೇ ಕೇಳಿ ಬಾಖ್‌ಗೆ ಬಂದವನು. ನನಗೆ ಅವತ್ತು ತಿಳಿದದ್ದು ಇಷ್ಟು. ಈ ವಾದ್ಯಗಳಿಗೆ ಮಿತಿ ಇದೆ. ಸ್ವರ ಬೇಗ ಆರುತ್ತದೆ, ಬಿಲ್ಲಿನ ತುದಿಯಲ್ಲಿ ಬಲ ಇಲ್ಲ, ಟ್ರಂಪೆಟ್ಟಿಗೆ ಕೆಳಗೆ ಸ್ವರಗಳೇ ಇಲ್ಲ. ಬಾಖ್ ಆ ಮಿತಿಗಳನ್ನು ಕೈಯಲ್ಲಿ ಹಿಡಿದು ನೋಡಿ ಬರೆದ. ಎಲ್ಲಿ ಸ್ವರ ಆರುತ್ತದೋ ಅಲ್ಲಿ ಇನ್ನೊಬ್ಬರನ್ನು ಮಾತಾಡಿಸಿದ. ಮಿತಿ ತೆಗೆದರೆ ಸಂಗೀತ ಉಳಿಯುತ್ತದೆ, ನಿಜ, ಆದರೆ ಯಾಕೆ ಹಾಗೆ ಬರೆದ ಅನ್ನುವುದು ಕಾಣದೆ ಹೋಗುತ್ತದೆ. ಕೊಳಲು ಮುಚ್ಚಿಹೋಗುವುದು ಅವನ ತಪ್ಪು ಅಂತ ನಾನು ಹತ್ತು ವರ್ಷ ಅಂದುಕೊಂಡಿದ್ದೆ.

ಈ ಊರಿನಿಂದ ದೂರದ ಒಂದು ಚರ್ಚಿನಲ್ಲಿ ನಿನ್ನೆ ಬೇರೆ ಒಂದು ಸಣ್ಣ ಗುಂಪಿನ ಕಛೇರಿಗೂ ಹೋಗಿದ್ದೆ. ನಡುವೆ ಒಬ್ಬರ ಕರುಳಿನ ತಂತಿ ಹರಿಯಿತು. ಎಲ್ಲರೂ ನಿಲ್ಲಿಸಿ ಕಾದರು. ಹೊಸ ತಂತಿ ಹಾಕಿ, ಎಳೆದು, ಶ್ರುತಿ ಸೇರಿಸಿ, ಮತ್ತೆ ಮೊದಲಿಂದ. ಜನ ಅಲುಗಾಡಲಿಲ್ಲ. ಮಳೆಗಾಲದ ಪಿಟೀಲು ನೆನಪಾಯಿತು ನನಗೆ.

ಹೊಸ ಕಿವಿ

ಬೆಂಗಳೂರಿನಲ್ಲಿ ಕೂತು ಕೇಳಲು ಎಲ್ಲಿಂದ ಶುರು ಮಾಡಲಿ?

ತಂಬೂರಿ ತಂತಿ

ನೆದರ್ಲೆಂಡ್ಸ್ ಬಾಖ್ ಸೊಸೈಟಿಯ ವಿಡಿಯೋಗಳು. 1921ರಲ್ಲಿ ಹುಟ್ಟಿದ ಸಂಸ್ಥೆ, ಬಾಖ್ ಬರೆದದ್ದನ್ನೆಲ್ಲ ಒಂದೊಂದಾಗಿ ಚಿತ್ರೀಕರಿಸಿ ಬಿಟ್ಟಿ ಹಾಕುತ್ತಿದ್ದಾರೆ. ಕೈ, ಬಿಲ್ಲು, ತುಟಿ ಎಲ್ಲ ಹತ್ತಿರದಿಂದ ಕಾಣುತ್ತದೆ. ಆಮೇಲೆ ಜಪಾನಿನ ಬಾಖ್ ಕೊಲೇಜಿಯಂ ಕೇಳಿ. ಮಸಾಕಿ ಸುಝುಕಿ 1990ರಲ್ಲಿ ಕಟ್ಟಿದ್ದು. 1995ರಿಂದ 2013ರ ತನಕ ಚರ್ಚ್ ಕಂಟಾಟಾಗಳನ್ನು ಪೂರ್ತಿ ಮುದ್ರಿಸಿದರು. ಕೋಬೆ ಊರಿನಲ್ಲಿ ಕೂತು ಲೈಪ್‌ಝಿಗ್ ಸಂಗೀತ! ಹುಟ್ಟಿದ ಊರು ಅಡ್ಡಿ ಬರಲಿಲ್ಲ ಅವರಿಗೆ.

ಎರಡನೇ ಬ್ರಾಂಡೆನ್‌ಬರ್ಗ್ ಕೇಳುವಾಗ ನಡುವಿನ ಭಾಗ ಬಿಡಬೇಡಿ. ಅಲ್ಲಿ ಟ್ರಂಪೆಟ್ ಪೂರ್ತಿ ಸುಮ್ಮನಿರುತ್ತದೆ. ಉಳಿದ ಮೂವರು ಮೆಲ್ಲಗೆ ಮಾತಾಡಿಕೊಳ್ಳುತ್ತಾರೆ. ಇಯರ್‌ಫೋನ್ ಹಾಕಿ, ಸದ್ದು ಕಡಿಮೆ ಇಟ್ಟು ಕೇಳಿ.

ಚೆಲ್ಲೋ ಹಿಡಿದವನು

ಎರಡು ದಿನ ಬಿಟ್ಟು ಬರೆಯುತ್ತಿದ್ದೇನೆ. ನಿನ್ನೆ ರಾತ್ರಿ ಮಕ್ಕಳ ಪಾಠ ಮುಗಿದ ಮೇಲೆ ಕಡ್ಡಿ ಒಳಗೆ ತಳ್ಳಿ ಚೆಲ್ಲೋವನ್ನು ಕಾಲಿನ ನಡುವೆ ಹಿಡಿದು ನೋಡಿದೆ. ತಂತಿ ಉಕ್ಕಿನದೇ, ಶ್ರುತಿ ಮಾತ್ರ ಒಂದು ಮನೆ ಇಳಿಸಿದೆ. ಬಿಲ್ಲನ್ನು ಕೊನೆಯಲ್ಲಿ ಹಿಡಿಯದೆ ಸ್ವಲ್ಪ ಮೇಲಕ್ಕೆ ಹಿಡಿದೆ, ಹಗುರ ಆಗಲಿ ಅಂತ. ಮೂವತ್ತು ವರ್ಷದಿಂದ ನುಡಿಸುವ ಒಂದು ಬಾಖ್ ಅಲ್ಲೆಮಾಂಡ್ (ನೃತ್ಯದ ಧಾಟಿಯ ಕೃತಿ) ತೆಗೆದುಕೊಂಡೆ. ಹತ್ತು ನಿಮಿಷಕ್ಕೆ ತೊಡೆ ನೋಯಲು ಶುರುವಾಯಿತು. ಉದ್ದ ಸ್ವರ ಹಿಡಿಯಲು ಆಗುತ್ತಿಲ್ಲ, ಬಿಲ್ಲು ಮುಗಿದುಹೋಗುತ್ತದೆ, ಹಾಗಾಗಿ ಬಿಡಲೇಬೇಕಾಯಿತು. ಬಿಟ್ಟ ಕಡೆಯೆಲ್ಲ ಒಂದು ಸಣ್ಣ ಖಾಲಿ ಜಾಗ ಬಂತು. ಆ ಜಾಗದಲ್ಲಿ ಕೆಳಗಿನ ತಂತಿಯ ಸ್ವರ ಇನ್ನೂ ಗುಂಯ್‌ಗುಡುತ್ತಿತ್ತು, ಇಷ್ಟು ವರ್ಷ ನಾನೇ ಅದರ ಮೇಲೆ ನುಡಿಸಿ ಮುಚ್ಚಿಬಿಡುತ್ತಿದ್ದೆ.

ಕಡಲತಡಿಯವರೇ, ಆ ಕರುಳಿನ ತಂತಿಯನ್ನು ಎಲ್ಲಿಂದ ತರಿಸಿದಿರಿ ಹೇಳಿ. ಬೇಸಿಗೆಯಲ್ಲಿ ಹಾಕುತ್ತೇನೆ.